ಲೈಪೋಸಕ್ಷನ್: ಕೊಳವೆಗೆ ಸಿಗುವ ಕೊಬ್ಬು, ಸಿಗದ ಕೊಬ್ಬು

"ಲೈಪೋಸಕ್ಷನ್ ಮಾಡಿಸಿದ್ರೆ ಎಷ್ಟು ಕೆಜಿ ಇಳಿಯುತ್ತೆ ಡಾಕ್ಟ್ರೇ?" ಕೊಬ್ಬು ತೆಗೆಸಬೇಕು ಅಂತ ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು ಇದನ್ನೇ. ಲೈಪೋಸಕ್ಷನ್ ಅಂದರೆ ಚರ್ಮದ ಕೆಳಗೆ ದ್ರವ ತುಂಬಿ, ಸಣ್ಣ ಕೊಳವೆ ತೂರಿಸಿ ಕೊಬ್ಬನ್ನು ಹೀರಿ ತೆಗೆಯುವ ಆಪರೇಷನ್. ನೇರವಾಗಿ ಮಾತಾಡುವ ಡಾಕ್ಟರ್ ಸಿಕ್ಕರೆ ಉತ್ತರ ಕೇಳಿ ನಿರಾಸೆಯಾಗುತ್ತದೆ. ಕೊಬ್ಬು ನೀರಿಗಿಂತ ಹಗುರ, ಲೀಟರಿಗೆ ಸುಮಾರು 900 ಗ್ರಾಂ ಅಷ್ಟೇ. ಮೂರು ಲೀಟರ್ ತೆಗೆದರೂ ಮೂರು ಕೆಜಿ ಆಗುವುದಿಲ್ಲ. ಅದೂ ಸಾಲದು ಅಂತ, ಆಪರೇಷನ್ ಆದ ಮಾರನೇ ದಿನ ತೂಕದ ಮಷಿನ್ ಮೇಲೆ ನಿಂತರೆ ತೂಕ ಜಾಸ್ತಿಯೇ ತೋರಿಸಬಹುದು. ಮೈಯೊಳಗೆ ಬಿಟ್ಟ ದ್ರವ, ಊತ ಎಲ್ಲ ಇನ್ನೂ ಅಲ್ಲೇ ಇರುತ್ತದೆ.

ಮತ್ತೆ ಯಾಕೆ ಮಾಡಿಸುತ್ತಾರೆ? ಆಕಾರಕ್ಕೆ. ಎಷ್ಟು ವಾಕ್ ಮಾಡಿದರೂ, ಅನ್ನ ಬಿಟ್ಟು ಮುದ್ದೆ ಹಿಡಿದರೂ ಕರಗದ ಸೊಂಟದ ಮಡಿಕೆ, ತೊಡೆಯ ಹೊರಬದಿಯ ಉಬ್ಬು, ಗಲ್ಲದ ಕೆಳಗಿನ ಜೋಲು, ಬ್ಲೌಸ್ ಹೊಲಿಸುವಾಗಲೆಲ್ಲ ತಕರಾರು ಮಾಡುವ ತೋಳು. ಇಂಥ ಒಂದೆರಡು ಜಾಗಕ್ಕೆ ಲೈಪೋಸಕ್ಷನ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ತೂಕ ಇಳಿಯುವ ಆಸೆ ಇಟ್ಟುಕೊಂಡು ಹೋದವರಿಗೆ ಮಾತ್ರ ದುಡ್ಡೂ ಹೋಯಿತು, ಮೈಯೂ ನೊಂದಿತು ಅನ್ನಿಸುತ್ತದೆ. ಹಾಗಾಗಿ ರೇಟು, ಮಷಿನ್, ಡಿಸ್ಕೌಂಟ್ ವಿಚಾರಿಸುವ ಮೊದಲು ತಿಳಿಯಬೇಕಾದ್ದು ಒಂದಿದೆ. ನನ್ನ ಮೈಯಲ್ಲಿರುವುದು ಆ ಕೊಳವೆಗೆ ಸಿಗುವ ಕೊಬ್ಬೇನಾ?

ಕೈಗೆ ಸಿಗುತ್ತದೋ ಇಲ್ಲವೋ

ಹೊಟ್ಟೆಯ ಕೊಬ್ಬು ಎರಡು ಕಡೆ ಕೂತಿರುತ್ತದೆ. ಒಂದು ಚರ್ಮದ ಕೆಳಗೆ, ಸ್ನಾಯುವಿನ ಮೇಲೆ. ಇದನ್ನು ಬೆರಳಲ್ಲಿ ಹಿಡಿದು ಎತ್ತಬಹುದು. ಇನ್ನೊಂದು ಸ್ನಾಯುವಿನ ಗೋಡೆಯ ಒಳಗೆ, ಕರುಳು ಮತ್ತು ಲಿವರ್ ಸುತ್ತ. ಲೈಪೋಸಕ್ಷನ್ ಕೊಳವೆ ಓಡಾಡುವುದು ಮೊದಲನೆಯದರಲ್ಲಿ ಮಾತ್ರ. ಎರಡನೆಯದರ ಹತ್ತಿರ ಅದು ಹೋಗಲೂಬಾರದು, ಹೋದರೆ ಕರುಳಿಗೆ ತೂತು.

ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಅಂಗಾತ ಮಲಗಿ, ತಲೆ ಸ್ವಲ್ಪ ಎತ್ತಿ ಹೊಟ್ಟೆ ಬಿಗಿ ಮಾಡಿ. ಆಗಲೂ ಹೊಕ್ಕುಳಿನ ಸುತ್ತ ದಪ್ಪ ಮಡಿಕೆ ಕೈಗೆ ಸಿಕ್ಕರೆ ಅದು ಚರ್ಮದ ಕೆಳಗಿನ ಕೊಬ್ಬು. ಹೊಟ್ಟೆ ಗಟ್ಟಿಯಾಗಿ ಗುಂಡಗಿದ್ದು, ಹಿಡಿಯಲು ಹೋದರೆ ತೆಳ್ಳಗಿನ ಚರ್ಮ ಮಾತ್ರ ಬೆರಳಿಗೆ ಬಂದರೆ ಕೊಬ್ಬು ಒಳಗಡೆ ಇದೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಅನ್ನುವ ನಮ್ಮ ನಲವತ್ತು ದಾಟಿದ ಗಂಡಸರಲ್ಲಿ ಬಹಳ ಮಂದಿಯದು ಈ ಎರಡನೇ ಕಥೆ. ಅಂಥವರಿಗೆ ಲೈಪೋಸಕ್ಷನ್ ಮಾಡುತ್ತೇನೆ ಅಂತ ಯಾರಾದರೂ ಒಪ್ಪಿಕೊಂಡರೆ ಅವರಿಂದ ದೂರ ಇರುವುದೇ ಒಳ್ಳೆಯದು.

ಒಳಗಿನ ಕೊಬ್ಬೇ ಶುಗರ್, ಹಾರ್ಟಿನ ತೊಂದರೆಗೆ ಹೆಚ್ಚು ನಂಟಿರುವುದು. ಚರ್ಮದ ಕೆಳಗಿನದನ್ನು ತೆಗೆದರೆ ಆರೋಗ್ಯಕ್ಕೆ ಏನಾದರೂ ಲಾಭ ಇದೆಯಾ ಅಂತ ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ದಪ್ಪಗಿದ್ದ 15 ಹೆಂಗಸರಿಂದ ತಲಾ 10 ಕೆಜಿಯಷ್ಟು ಕೊಬ್ಬು ತೆಗೆದರು. ಸಾಮಾನ್ಯವಾಗಿ ತೆಗೆಯುವುದಕ್ಕಿಂತ ಇದು ತುಂಬಾ ಜಾಸ್ತಿ. ಎರಡೂವರೆ ಮೂರು ತಿಂಗಳ ನಂತರ ನೋಡಿದರೆ ರಕ್ತದೊತ್ತಡ, ಕೊಲೆಸ್ಟ್ರಾಲ್, ಇನ್ಸುಲಿನ್‌ಗೆ ಮೈ ಸ್ಪಂದಿಸುವ ರೀತಿ ಯಾವುದೂ ಸುಧಾರಿಸಿರಲಿಲ್ಲ. ಊಟ ಕಡಿಮೆ ಮಾಡಿ, ನಡೆದು ಇದಕ್ಕಿಂತ ಕಡಿಮೆ ಇಳಿಸಿದವರಲ್ಲೂ ಇವೆಲ್ಲ ಸುಧಾರಿಸುತ್ತವೆ. ಹಾಗಾಗಿ "ಶುಗರ್ ಇದೆ, ಹೊಟ್ಟೆ ಕೊಬ್ಬು ತೆಗೆಸಿದರೆ ಸರಿ ಹೋಗುತ್ತೆ" ಅನ್ನುವ ಲೆಕ್ಕ ನಡೆಯುವುದಿಲ್ಲ.

ಇನ್ನೊಂದು ವಿಷಯ ಚರ್ಮ. ಕೊಬ್ಬು ಹೋದ ಮೇಲೆ ಚರ್ಮ ತಾನಾಗಿ ಒಳಗೆ ಎಳೆದುಕೊಳ್ಳಬೇಕು. ಬಿಗಿ ಇರುವ ಚರ್ಮ ಎಳೆದುಕೊಳ್ಳುತ್ತದೆ. ಎರಡು ಹೆರಿಗೆಯಾಗಿ ಬಿರುಕು ಗೆರೆ ಬಿದ್ದ, ಜೋತುಬಿದ್ದ ಹೊಟ್ಟೆಯ ಚರ್ಮ ಎಳೆದುಕೊಳ್ಳುವುದಿಲ್ಲ, ಇನ್ನಷ್ಟು ಜೋಲುತ್ತದೆ. ಬಾಣಂತನದ ನಂತರ ಉಳಿದ ಹೊಟ್ಟೆಯಲ್ಲಿ ಎಷ್ಟೋ ಸಲ ಕೊಬ್ಬಿನದ್ದು ಅರ್ಧ ಪಾಲು ಮಾತ್ರ. ನಡುವಿನ ಎರಡು ಉದ್ದ ಸ್ನಾಯುಗಳು ಅಗಲಿಕೊಂಡು ಹೊಟ್ಟೆ ಮುಂದೆ ಬಂದಿರುತ್ತದೆ. ಅದಕ್ಕೆ ಬೇಕಾದದ್ದು ಟಮ್ಮಿ ಟಕ್ ಅನ್ನುವ ಬೇರೆ ಆಪರೇಷನ್. ಹೆಚ್ಚಾದ ಚರ್ಮ ಕತ್ತರಿಸಿ, ಸ್ನಾಯು ಹೊಲಿಯುತ್ತಾರೆ. ಗಾಯ ದೊಡ್ಡದು, ಚೇತರಿಕೆಯೂ ನಿಧಾನ. ಹೆರಿಗೆಯಾಗಿ ಕನಿಷ್ಠ ಆರು ತಿಂಗಳು ಕಳೆದು, ಹಾಲು ಬಿಡಿಸಿ, ತೂಕ ಒಂದು ಮಟ್ಟಕ್ಕೆ ಬಂದು ನಿಂತ ಮೇಲಷ್ಟೇ ಇದರ ಯೋಚನೆ. ಇನ್ನೊಂದು ಮಗು ಬೇಕು ಅಂತಿದ್ದರೆ ಅದು ಆದ ಮೇಲೆ.

ಹುಡುಗರ ಎದೆ ಉಬ್ಬಿನ ಬಗ್ಗೆಯೂ ಒಂದು ಮಾತು. ನಾಚಿಕೆಯಿಂದ ಟೀ ಶರ್ಟ್ ಬಿಟ್ಟು ದೊಗಲೆ ಶರ್ಟೇ ಹಾಕುವ ಎಷ್ಟೋ ಹುಡುಗರು ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ಅಲ್ಲಿ ಕೊಬ್ಬಿನ ಜತೆಗೆ ಮೊಲೆತೊಟ್ಟಿನ ಕೆಳಗೆ ಗಟ್ಟಿ ಗ್ರಂಥಿಯೂ ಇರುತ್ತದೆ. ಕೊಳವೆ ಕೊಬ್ಬನ್ನು ಎಳೆಯುತ್ತದೆ, ಗ್ರಂಥಿಯನ್ನು ಸಣ್ಣ ಗಾಯ ಮಾಡಿ ಬೇರೆಯಾಗಿಯೇ ತೆಗೆಯಬೇಕು. ಹದಿಹರೆಯದಲ್ಲಿ ಬಂದಿದ್ದು ಬಹಳಷ್ಟು ಮಂದಿಗೆ ತಾನೇ ಇಳಿದುಹೋಗುತ್ತದೆ. ಆದ್ದರಿಂದ ಹದಿನೈದರ ಹುಡುಗನನ್ನು ಎಳೆದುಕೊಂಡು ಕ್ಲಿನಿಕ್ಕಿಗೆ ಓಡುವ ಅವಸರ ಬೇಡ.

ಒಳಗೆ ಏನು ಮಾಡುತ್ತಾರೆ

ಕೊಬ್ಬು ತೆಗೆಯುವ ಪ್ರಯತ್ನ ಶುರುವಾಗಿದ್ದೇ ಒಂದು ದುರಂತದಿಂದ. 1920ರ ದಶಕದಲ್ಲಿ ಪ್ಯಾರಿಸ್ಸಿನ ಸರ್ಜನ್ ಚಾರ್ಲ್ಸ್ ದುಜಾರಿಯೇ, ಒಬ್ಬ ನರ್ತಕಿಯ ಕಾಲಿನ ಕೊಬ್ಬನ್ನು ಗರ್ಭಕೋಶ ಕೆರೆಯುವ ಉಪಕರಣದಿಂದ ಕೆರೆದು ತೆಗೆಯಲು ಹೋದ. ರಕ್ತನಾಳಕ್ಕೆ ಪೆಟ್ಟಾಗಿ, ಕಾಲು ಕೊಳೆತು, ಕೊನೆಗೆ ಕಾಲನ್ನೇ ಕತ್ತರಿಸಬೇಕಾಯಿತು. ಆಮೇಲೆ ದಶಕಗಳ ಕಾಲ ಈ ಕೆಲಸಕ್ಕೆ ಯಾರೂ ಮುಂದಾಗಲಿಲ್ಲ ಅಂದರೂ ಸರಿ. 1970ರ ದಶಕದಲ್ಲಿ ಇಟಲಿಯ ಫಿಷರ್ ಅಪ್ಪ ಮಗ ಟೊಳ್ಳು ಕೊಳವೆ ಹಾಕಿ ಹೀರುವ ದಾರಿ ಹುಡುಕಿದರು. ಪ್ಯಾರಿಸ್ಸಿನ ಇಲೂಸ್ ಮೊಂಡು ತುದಿಯ ಕೊಳವೆ ಬಳಸಿ, ಮೊದಲು ದ್ರವ ಬಿಟ್ಟು ಆಮೇಲೆ ಹೀರುವ ಕ್ರಮವನ್ನು ಜಗತ್ತಿಗೆ ಕಲಿಸಿದ.

ಈಗಿನ ವಿಧಾನದ ಜೀವ ಇರುವುದು ಆ ದ್ರವದಲ್ಲಿ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಚರ್ಮರೋಗ ವೈದ್ಯ ಜೆಫ್ರಿ ಕ್ಲೈನ್ ಇದನ್ನು ರೂಢಿಗೆ ತಂದರು. ಒಂದು ಲೀಟರ್ ಸಲೈನ್‌ಗೆ ಮರಗಟ್ಟಿಸುವ ಲಿಡೋಕೇನ್, ರಕ್ತನಾಳ ಕುಗ್ಗಿಸುವ ಅಡ್ರಿನಲಿನ್, ಉರಿ ತಗ್ಗಿಸಲು ಸೋಡಿಯಂ ಬೈಕಾರ್ಬನೇಟ್ ಬೆರೆಸುತ್ತಾರೆ. ಇದನ್ನು ಆ ಜಾಗಕ್ಕೆ ತುಂಬಿದಾಗ ಚರ್ಮ ಬಿರುಸಾಗಿ ಉಬ್ಬಿ ಬೆಳ್ಳಗಾಗುತ್ತದೆ. ಸ್ವಲ್ಪ ಹೊತ್ತು ಕಾದು, ಮೂರು ನಾಲ್ಕು ಮಿಲಿಮೀಟರ್ ತೂತಿನಿಂದ ಕೊಳವೆ ತೂರಿಸಿ ಹಿಂದೆ ಮುಂದೆ ಆಡಿಸುತ್ತಾರೆ. ಮೊದಲೆಲ್ಲ ರಕ್ತ ಕೊಡಬೇಕಾಗುತ್ತಿದ್ದ ಆಪರೇಷನ್‌ನಲ್ಲಿ ಈಗ ರಕ್ತ ಹೋಗುವುದು ಬಹಳ ಕಡಿಮೆ, ಅದಕ್ಕೆ ಕಾರಣ ಈ ದ್ರವ.

ಹೀರಿದ್ದೆಲ್ಲ ಒಂದು ಡಬ್ಬಿಗೆ ಬೀಳುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಕಡೆದ ಮಜ್ಜಿಗೆ ಮೇಲೆ ಬೆಣ್ಣೆ ತೇಲುವ ಹಾಗೆ ಹಳದಿ ಕೊಬ್ಬು ಮೇಲೆ ನಿಲ್ಲುತ್ತದೆ, ಗುಲಾಬಿ ಬಣ್ಣದ ನೀರು ಕೆಳಗೆ. ಇದು ಗೊತ್ತಿದ್ದರೆ ಜಾಹೀರಾತಿನ ಮಾತು ಅಳೆಯುವುದು ಸುಲಭ. "ಐದು ಲೀಟರ್ ತೆಗೆದೆವು" ಅಂದರೆ ಐದು ಲೀಟರ್ ಕೊಬ್ಬು ಅಂತಲ್ಲ, ಅದರಲ್ಲಿ ಅವರೇ ಒಳಗೆ ಬಿಟ್ಟ ದ್ರವವೂ ಸೇರಿದೆ. ಒಟ್ಟು ಐದು ಲೀಟರ್ ಮೀರಿದರೆ ಅದು ದೊಡ್ಡ ಪ್ರಮಾಣದ ಲೈಪೋಸಕ್ಷನ್. ಅಂಥದ್ದನ್ನು ಸರಿಯಾದ ಆಸ್ಪತ್ರೆಯಲ್ಲೇ ಮಾಡಬೇಕು, ಒಂದು ರಾತ್ರಿ ನಿಗಾದಲ್ಲಿ ಇಡಬೇಕು ಅನ್ನುವುದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘದ ಸಲಹೆ. ಸಂಜೆಗೇ ಮನೆಗೆ ಕಳಿಸಿಬಿಡುವ ಕೆಲಸ ಅದಲ್ಲ.

ವೇಸರ್, ಲೇಸರ್, ಪವರ್ ಅಸಿಸ್ಟೆಡ್, ವಾಟರ್ ಜೆಟ್ ಅಂತ ಹೆಸರುಗಳು ಸಾಕಷ್ಟಿವೆ. ಕೊಬ್ಬನ್ನು ಸಡಿಲ ಮಾಡುವ ದಾರಿ ಬೇರೆ ಬೇರೆ, ಕೊನೆಗೆ ಎಲ್ಲದರಲ್ಲೂ ಕೊಳವೆಯಲ್ಲೇ ಹೀರಬೇಕು. ಬೆನ್ನು, ಗಂಡಸರ ಎದೆಯಂಥ ನಾರು ಜಾಸ್ತಿ ಇರುವ ಕಡೆ ಅಲ್ಟ್ರಾಸೌಂಡಿನ ವೇಸರ್ ಅನುಕೂಲ. ಶಾಖ ಹುಟ್ಟಿಸುವ ಯಂತ್ರಗಳಲ್ಲಿ ಚರ್ಮ ಸುಡುವ ಅಪಾಯವೂ ಇದೆ. ನನ್ನ ಕೇಳಿದರೆ, ಮಷಿನ್ ಹೆಸರಿಗಿಂತ ಅದನ್ನು ಹಿಡಿದ ಕೈ ಯಾರದು ಅಂತ ನೋಡುವುದು ಮೇಲು.

ಯಾರು, ಎಲ್ಲಿ

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕನ್ನಡ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸುವ ಸರ್ಜರಿಗೆಂದು ಹೋಗಿ ತೀರಿಕೊಂಡಳು. ಆಗ ಟಿವಿಗಳಲ್ಲಿ ನಾಲ್ಕು ದಿನ ಚರ್ಚೆ ನಡೆಯಿತು. ಆ ಚರ್ಚೆಯ ಮುಕ್ಕಾಲು ಪಾಲು "ಹುಡುಗಿಯರಿಗೆ ಇದೆಲ್ಲ ಯಾಕೆ ಬೇಕು" ಅನ್ನುವುದರಲ್ಲೇ ಹೋಯಿತು ಅಂತ ನನಗೆ ಈಗಲೂ ಬೇಸರ. ಕೇಳಬೇಕಾಗಿದ್ದು ಬೇರೆ. ಇಂಥ ಸರ್ಜರಿ ನಡೆಯುವ ಜಾಗದಲ್ಲಿ ಏನೇನು ಇರಬೇಕು? ಉಸಿರು ಸಿಕ್ಕಿಕೊಂಡರೆ ಮುಂದಿನ ಹತ್ತು ನಿಮಿಷದಲ್ಲಿ ಯಾರು ಏನು ಮಾಡಬೇಕು?

ಅಪಾಯ ಎಷ್ಟು ಅಂತ ಒಂದು ಹಳೆಯ ಲೆಕ್ಕ ಇದೆ. 1994ರಿಂದ 1998ರವರೆಗಿನ ಸುಮಾರು ಐದು ಲಕ್ಷ ಲೈಪೋಸಕ್ಷನ್‌ಗಳ ಬಗ್ಗೆ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳನ್ನು ಕೇಳಿದಾಗ 95 ಸಾವು ವರದಿಯಾದವು. ಅಂದರೆ ಸುಮಾರು 5,000ಕ್ಕೆ ಒಂದು. ಎಲ್ಲಕ್ಕಿಂತ ದೊಡ್ಡ ಕಾರಣ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದ್ದು. ನಂತರದ್ದು ಕೊಳವೆ ಹೊಟ್ಟೆಯೊಳಗೆ ಚುಚ್ಚಿದ್ದು. ಅರಿವಳಿಕೆಯ ಎಡವಟ್ಟು, ಕೊಬ್ಬಿನ ಹನಿಗಳೇ ರಕ್ತಕ್ಕೆ ಸೇರಿದ್ದು ಆಮೇಲೆ. ಒಂದೇ ಸಲಕ್ಕೆ ಹೊಟ್ಟೆ, ತೊಡೆ, ಬೆನ್ನು, ಜತೆಗೆ ಟಮ್ಮಿ ಟಕ್ ಅಂತ ಪ್ಯಾಕೇಜ್ ಮಾಡಿಸಿಕೊಂಡಷ್ಟೂ ಅಪಾಯ ಏರುತ್ತದೆ. ಆರೋಗ್ಯವಂತರ ಮೇಲೆ, ಕಾಯಿಲೆಯೇ ಇಲ್ಲದೆ ಮಾಡುವ ಆಪರೇಷನ್‌ಗೆ ಇದು ಸಣ್ಣ ಸಂಖ್ಯೆ ಅಲ್ಲ.

ಡಾಕ್ಟರ್ ಹೆಸರಿನ ಮುಂದಿನ ಅಕ್ಷರಗಳನ್ನು ಓದಿ. ಎಂಬಿಬಿಎಸ್, ಎಂಎಸ್ ಆದ ಮೇಲೆ ಎಂಸಿಎಚ್ ಪ್ಲಾಸ್ಟಿಕ್ ಸರ್ಜರಿ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಇದ್ದರೆ ಅವರು ಪ್ಲಾಸ್ಟಿಕ್ ಸರ್ಜನ್. ಬೋರ್ಡಿನಲ್ಲಿ "ಕಾಸ್ಮೆಟಿಕ್ ಸರ್ಜನ್" ಅಂತ ಬರೆದಿದ್ದರೆ ಅವರು ಓದಿದ್ದು ಏನು ಅಂತ ಅದರಿಂದ ತಿಳಿಯುವುದಿಲ್ಲ. ಕರ್ನಾಟಕ ವೈದ್ಯಕೀಯ ಮಂಡಳಿಯ ನೋಂದಣಿ ನಂಬರ್ ಕೇಳಿ. ಖಾಸಗಿ ಆಸ್ಪತ್ರೆ, ಕ್ಲಿನಿಕ್ ಯಾವುದೇ ಆದರೂ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಆಗಿರಬೇಕು, ಆ ಸರ್ಟಿಫಿಕೇಟ್ ಕಾಣುವ ಹಾಗೆ ಇರಬೇಕು. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅನ್ನುವ ಸಂಕೋಚ ಬೇಡ. ಬೇಜಾರು ಮಾಡಿಕೊಂಡರೆ ಅದೇ ಉತ್ತರ.

ಇನ್ನು ಅರಿವಳಿಕೆ ಡಾಕ್ಟರ್. ಜನ ಸರ್ಜನ್ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ, ಇವರ ಬಗ್ಗೆ ಒಂದೂ ಕೇಳುವುದಿಲ್ಲ. ಆಪರೇಷನ್ ಉದ್ದಕ್ಕೂ ಅವರು ಪಕ್ಕದಲ್ಲೇ ಇರುತ್ತಾರಾ, ಆಮೇಲೆ ಎಷ್ಟು ಹೊತ್ತು ಇರುತ್ತಾರೆ, ಅದೇ ಕಟ್ಟಡದಲ್ಲಿ ಐಸಿಯು ಇದೆಯಾ, ಇಲ್ಲದಿದ್ದರೆ ಯಾವ ಆಸ್ಪತ್ರೆಗೆ ಕರೆದೊಯ್ಯುತ್ತಾರೆ ಅಂತ ಕೇಳಿಕೊಳ್ಳಿ. ಇದರ ಮಹತ್ವ ತಿಳಿಯಲು ಲಿಡೋಕೇನ್ ಲೆಕ್ಕ ನೋಡಿದರೆ ಸಾಕು. ಅಡ್ರಿನಲಿನ್ ಬೆರೆಸಿದ ಲಿಡೋಕೇನನ್ನು ಸಾಮಾನ್ಯ ಬಳಕೆಯಲ್ಲಿ ಮೈತೂಕದ ಕೆಜಿಗೆ 7 ಮಿಲಿಗ್ರಾಂವರೆಗೆ ಕೊಡುತ್ತಾರೆ. ಲೈಪೋಸಕ್ಷನ್‌ನಲ್ಲಿ 35 ಮಿಲಿಗ್ರಾಂವರೆಗೂ ಹೋಗಬಹುದು. ದ್ರವ ತೆಳ್ಳಗಿರುವುದರಿಂದ, ಕೊಬ್ಬಿನಿಂದ ರಕ್ತಕ್ಕೆ ನಿಧಾನವಾಗಿ ಇಳಿಯುವುದರಿಂದ ಮೈ ತಡೆದುಕೊಳ್ಳುತ್ತದೆ. ಆದರೆ ರಕ್ತದಲ್ಲಿ ಅದರ ಮಟ್ಟ ಹೆಚ್ಚಿನ ತುದಿಗೇರುವುದು ಸುಮಾರು 12 ಗಂಟೆ ಕಳೆದ ಮೇಲೆ. ಬೆಳಿಗ್ಗೆ ಆಪರೇಷನ್ ಆದವರಿಗೆ ಅದು ರಾತ್ರಿ, ಮನೆಯಲ್ಲಿ ಮಲಗಿರುವಾಗ. ತುಟಿಯ ಸುತ್ತ ಜೋಮು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಟ್ಟುವುದು, ಮಾತು ತೊದಲುವುದು ಶುರುವಾದರೆ ನಿದ್ದೆಗೆಟ್ಟಿದ್ದಕ್ಕೆ ಹೀಗೆ ಅಂತ ಸುಮ್ನೆ ಇರಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ದುಡ್ಡಿನ ವಿಷಯ ಚಿಕ್ಕದು. ಚಂದಕ್ಕಾಗಿ ಮಾಡಿಸುವ ಸರ್ಜರಿಗೆ ಆರೋಗ್ಯ ವಿಮೆ ಸಿಗುವುದಿಲ್ಲ. ಬೇರೆ ಚಿಕಿತ್ಸೆಗಳಿಗೆ ಇರುವ ಜಿಎಸ್‌ಟಿ ವಿನಾಯಿತಿಯೂ ಇದಕ್ಕಿಲ್ಲ. ಹೇಳಿದ ರೇಟಿನಲ್ಲಿ ತೆರಿಗೆ, ಅರಿವಳಿಕೆ ಡಾಕ್ಟರ್ ಫೀಸು, ಆಮೇಲೆ ಹಾಕಿಕೊಳ್ಳುವ ಬಿಗಿ ಬೆಲ್ಟು, ಔಷಧಿ, ಒಂದು ರಾತ್ರಿಯ ವಾರ್ಡು ಸೇರಿದೆಯಾ ಅಂತ ಬರೆಸಿಕೊಳ್ಳಿ. ತೊಡಕಾಗಿ ಐಸಿಯು ಸೇರಿದರೆ ಆ ಬಿಲ್ಲನ್ನೂ ವಿಮೆ ಕಂಪನಿ ತಳ್ಳಿಹಾಕಬಹುದು ಅನ್ನುವುದು ತಲೆಯಲ್ಲಿರಲಿ.

ಆಪರೇಷನ್‌ಗೆ ಮುಂಚೆ ಬಾಯಿ ಬಿಟ್ಟು ಹೇಳಬೇಕಾದ್ದು

ರಕ್ತ ಪರೀಕ್ಷೆ, ಇಸಿಜಿ ಎಲ್ಲ ಅವರೇ ಮಾಡಿಸುತ್ತಾರೆ. ಹೊಕ್ಕುಳ ಹತ್ತಿರ ಹರ್ನಿಯಾ ಇದ್ದರೆ ಅಥವಾ ಹಿಂದೆ ಸಿಸೇರಿಯನ್, ಅಪೆಂಡಿಕ್ಸ್ ಆಪರೇಷನ್ ಆಗಿದ್ದರೆ ಹೊಟ್ಟೆಯ ಸ್ಕ್ಯಾನ್ ಆಗಬೇಕು. ಅಲ್ಲಿನ ಗೋಡೆ ದುರ್ಬಲವಾಗಿರುತ್ತದೆ, ಕೊಳವೆ ಒಳಗೆ ನುಗ್ಗುವುದು ಅಂಥ ಕಡೆಯೇ. ತೆಗೆದುಕೊಳ್ಳುವ ಔಷಧಿ ಎಲ್ಲವನ್ನೂ ಹೇಳಿ. ಆಸ್ಪಿರಿನ್, ಐಬುಪ್ರೊಫೆನ್, ವಿಟಮಿನ್ ಇ, ಮೀನೆಣ್ಣೆ ಮಾತ್ರೆಗಳಿಂದ ರಕ್ತ ಹೋಗುವುದು ಜಾಸ್ತಿಯಾಗಬಹುದು. ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಏರಬಹುದು. ಹಾಗಂತ ಹಾರ್ಟಿಗೆ ಕೊಟ್ಟ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಸಿಗರೇಟು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು.

ಈಗ ಹೊಸದಾಗಿ ಸೇರಿರುವುದು ತೂಕ ಇಳಿಸುವ ವಾರದ ಇಂಜೆಕ್ಷನ್‌ಗಳು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ತೆಗೆದುಕೊಳ್ಳುವವರು ಅದನ್ನು ಗುಟ್ಟಾಗಿ ಇಟ್ಟಿರುವುದೇ ಹೆಚ್ಚು. ಅವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ರಾತ್ರಿಯಿಂದ ಉಪವಾಸ ಇದ್ದರೂ ಹೊಟ್ಟೆಯಲ್ಲಿ ಊಟ ಉಳಿದಿರಬಹುದು, ಮತ್ತಿನಲ್ಲಿರುವಾಗ ಅದು ಶ್ವಾಸಕೋಶಕ್ಕೆ ಹೋಗಬಹುದು. ಮನೆಯವರಿಗೆ ಹೇಳದಿದ್ದರೂ ಪರವಾಗಿಲ್ಲ, ಅರಿವಳಿಕೆ ಡಾಕ್ಟರಿಗೆ ಹೇಳಲೇಬೇಕು. ಆಪರೇಷನ್ ವಿಷಯವನ್ನಾದರೂ ಮನೆಯಲ್ಲಿ ಒಬ್ಬರಿಗೆ ತಿಳಿಸಿರಿ. ಬೈಸಿಕೊಳ್ಳುವ ಭಯಕ್ಕೆ ಒಬ್ಬರೇ ಹೋಗಿ ಬರುವ ಕೆಲಸ ಇದಲ್ಲ.

ಇನ್ನೊಂದು ಸೂಕ್ಷ್ಮ ವಿಷಯ. ಬೇರೆಯವರಿಗೆ ಕಾಣದ ದೋಷ ತಮಗೆ ಮಾತ್ರ ಕಾಣುತ್ತಾ, ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ಮುಂದೆ ಒದ್ದಾಡುವವರಿಗೆ ಸರ್ಜರಿಯಿಂದ ಸಮಾಧಾನ ಸಿಗುವುದು ಅಪರೂಪ. ಅದು ಮನಸ್ಸಿನ ಡಾಕ್ಟರ್ ನೋಡಬೇಕಾದ ತೊಂದರೆ. ಮದುವೆ ಮಾತುಕತೆಯಲ್ಲಿ ಯಾರೋ ಒಂದು ಮಾತು ಅಂದರು ಅಂತ ಹೊರಡುವವರೂ ಎರಡು ತಿಂಗಳು ತಡೆದು ನೋಡುವುದು ಒಳ್ಳೆಯದು. ಆಮೇಲೂ ಬೇಕು ಅನ್ನಿಸಿದರೆ ಅದು ಅವರದೇ ನಿರ್ಧಾರ, ಅದರಲ್ಲಿ ತಪ್ಪು ಹುಡುಕುವುದೇನೂ ಇಲ್ಲ.

ಆದ ಮೇಲೆ

"ಎರಡೇ ದಿನ, ಮೂರನೇ ದಿನ ಆಫೀಸಿಗೆ" ಅನ್ನುವ ಜಾಹೀರಾತು ಪೂರ್ತಿ ಸುಳ್ಳಲ್ಲ. ಗಲ್ಲದ ಕೆಳಗೆ ಮಾತ್ರ ಮಾಡಿಸಿದವರು ಹಾಗೆ ಹೋಗಬಲ್ಲರು. ಹೊಟ್ಟೆ, ಸೊಂಟ ಎರಡೂ ಆದವರು ಕೂತು ಮಾಡುವ ಕೆಲಸಕ್ಕೂ ಒಂದು ವಾರ ರಜೆ ಇಟ್ಟುಕೊಳ್ಳಬೇಕು. ಸ್ಪೀಡ್ ಬ್ರೇಕರ್ ಮೇಲೆ ಸ್ಕೂಟರ್ ಹಾರಿದಾಗ ಹೊಟ್ಟೆ ಏನು ಹೇಳುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಮೊದಲ ಒಂದೆರಡು ದಿನ ಸಣ್ಣ ತೂತುಗಳಿಂದ ಗುಲಾಬಿ ನೀರು ಸೋರುತ್ತಲೇ ಇರುತ್ತದೆ. ಹಾಸಿಗೆ ನೆನೆದಿದ್ದು ನೋಡಿ ಮನೆಯವರು ಗಾಬರಿಯಾಗುವುದು ಇಲ್ಲೇ. ಅದು ಒಳಗೆ ಬಿಟ್ಟ ದ್ರವ, ಹೊರಗೆ ಬಂದಷ್ಟೂ ಒಳ್ಳೆಯದು, ಊತ ಬೇಗ ಇಳಿಯುತ್ತದೆ. ಹಳೇ ಬೆಡ್‌ಶೀಟ್, ಕೆಳಗೊಂದು ಪ್ಲಾಸ್ಟಿಕ್ ಹಾಳೆ, ಮೇಲೆ ಮಕ್ಕಳ ಅಥವಾ ದೊಡ್ಡವರ ಡೈಪರ್ ಬಿಚ್ಚಿ ಹಾಸಿಕೊಂಡರೆ ಕೆಲಸ ಹಗುರ. ಗಟ್ಟಿ ಕೆಂಪು ರಕ್ತ ನಿಲ್ಲದೆ ಬಂದರೆ ಮಾತ್ರ ಫೋನ್ ಮಾಡಬೇಕು.

ಬೆಲ್ಟು ಅಂತ ಎಲ್ಲರೂ ಕರೆಯುವ ಬಿಗಿ ಉಡುಪು ನಾಲ್ಕರಿಂದ ಆರು ವಾರದ ಜತೆಗಾರ. ಮೊದಲ ವಾರಗಳಲ್ಲಿ ಸ್ನಾನ ಬಿಟ್ಟರೆ ಹಗಲು ರಾತ್ರಿ ಮೈಮೇಲೇ ಇರಬೇಕು. ಎರಡು ಇಟ್ಟುಕೊಂಡರೆ ಒಂದು ಒಗೆಯುವಾಗ ಇನ್ನೊಂದು ಹಾಕಿಕೊಳ್ಳಬಹುದು. ಕೂತಾಗ ಅದು ಮಡಿಚಿಕೊಂಡು ಒಂದೇ ಗೆರೆಯಲ್ಲಿ ಒತ್ತಿದರೆ ಆ ಗೆರೆ ಚರ್ಮದ ಮೇಲೆ ಉಳಿದುಬಿಡಬಹುದು. ಆಗಾಗ ಎದ್ದು ನಿಂತು ನೀವಿಕೊಳ್ಳಬೇಕು. ರಾಯಚೂರು, ಕಲಬುರಗಿ ಕಡೆಯವರು ಏಪ್ರಿಲ್, ಮೇ ತಿಂಗಳಲ್ಲಿ ದಿನ ಗೊತ್ತು ಮಾಡಿಕೊಳ್ಳದಿದ್ದರೆ ಮೈಗೆ ದೊಡ್ಡ ಉಪಕಾರ. ಇನ್ನು ಮೊದಲ ಸಲ ಬೆಲ್ಟು ಬಿಚ್ಚುವಾಗ ಬಿಪಿ ಸಟ್ಟನೆ ಇಳಿದು ತಲೆಸುತ್ತು ಬರುವುದು ಮಾಮೂಲಿ. ಮಂಚದ ಮೇಲೆ ಕೂತು ನಿಧಾನವಾಗಿ ಬಿಚ್ಚಿ, ಬಚ್ಚಲಲ್ಲಿ ಸ್ಟೂಲ್ ಹಾಕಿಸಿ, ಬಾಗಿಲು ಚಿಲಕ ಹಾಕಬೇಡಿ, ಹೊರಗೆ ಒಬ್ಬರು ಇರಲಿ.

ಯಾರೂ ಮೊದಲೇ ಹೇಳದೆ ಹೆದರಿಸುವ ವಿಷಯ ಒಂದಿದೆ. ಊತ ಕೆಳಗೆ ಇಳಿಯುತ್ತದೆ. ತೊಡೆಗೆ ಮಾಡಿಸಿದವರ ಪಾದ ಊದುತ್ತದೆ. ಹೊಟ್ಟೆಗೆ ಮಾಡಿಸಿದವರಿಗೆ, ಗಂಡಸರಾಗಲಿ ಹೆಂಗಸರಾಗಲಿ, ಗುಪ್ತಾಂಗ ಊದಿ ನೀಲಿಗಟ್ಟುವುದುಂಟು. ನೋಡಲು ಭಯಂಕರ, ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಮೊದಲೇ ಗೊತ್ತಿದ್ದರೆ ಮಧ್ಯರಾತ್ರಿ ಗಾಬರಿ ಇರುವುದಿಲ್ಲ.

ಮಲಗಿಯೇ ಇರಬಾರದು. ಅದೇ ದಿನ ಸಂಜೆಯಿಂದಲೇ ಮನೆಯೊಳಗೆ ನಾಲ್ಕು ಹೆಜ್ಜೆ, ಮಾರನೇ ದಿನ ಇನ್ನೂ ನಾಲ್ಕು. ಕಾಲಿನ ರಕ್ತ ಹೆಪ್ಪುಗಟ್ಟದಿರಲು ಇದು ಬೇಕೇ ಬೇಕು. ಊರಿಂದ ಬೆಂಗಳೂರಿಗೆ ಬಂದು ಮಾಡಿಸಿಕೊಂಡವರು ಎರಡನೇ ದಿನವೇ ರಾತ್ರಿ ಬಸ್ಸು ಹತ್ತುವುದು ಇದಕ್ಕೇ ಒಳ್ಳೆಯದಲ್ಲ. ಎಂಟು ಹತ್ತು ಗಂಟೆ ಕಾಲು ಇಳಿಬಿಟ್ಟು ಕೂತರೆ ಆ ಅಪಾಯ ಏರುತ್ತದೆ. ದಾರಿಯಲ್ಲಿ ಏನಾದರೂ ಆದರೆ ಆಪರೇಷನ್ ಮಾಡಿದವರು ನೂರಾರು ಕಿಲೋಮೀಟರ್ ಹಿಂದೆ ಇರುತ್ತಾರೆ. ನೆಂಟರ ಮನೆಯೋ, ಲಾಡ್ಜೋ, ಮೊದಲ ಚೆಕಪ್ ಮುಗಿಯುವವರೆಗೆ ಹತ್ತಿರವೇ ಇರಿ.

ಊಟದ ಬಗ್ಗೆ ಮನೆಯಲ್ಲಿ ಸಲಹೆಗೆ ಬರವಿಲ್ಲ. ಬದನೆಕಾಯಿ ನಂಜು, ಕುಂಬಳ ನಂಜು, ಮೊಟ್ಟೆ ಬೇಡ, ಮೀನು ಬೇಡ. ಅಜ್ಜಿಯ ಮಾತು ಮೀರಲು ಮನಸ್ಸಿಲ್ಲದಿದ್ದರೆ ಬದನೆಕಾಯಿ ಬಿಡಿ, ನಷ್ಟವೇನಿಲ್ಲ. ಗಾಯ ಮಾಯಲು ಪ್ರೋಟೀನ್ ಬೇಕು, ಹಾಗಾಗಿ ಬೇಳೆ, ಮೊಸರು, ಮೊಟ್ಟೆ ಬಿಡಬೇಡಿ. ಉಪ್ಪಿನಕಾಯಿ, ಹಪ್ಪಳ ದೂರ ಇಟ್ಟರೆ ಊತ ಬೇಗ ಇಳಿಯುತ್ತದೆ.

ಎರಡನೇ ವಾರಕ್ಕೆ ನೀಲಿ ಹಸಿರು ಕಲೆಗಳು ಮಾಯುತ್ತವೆ. ಮೂರನೇ ವಾರದಿಂದ ಬೇರೆ ಚಿಂತೆ. ಚರ್ಮದ ಕೆಳಗೆ ಗಂಟು ಗಂಟಾಗಿ ಗಟ್ಟಿಯಾಗಿರುತ್ತದೆ, ಮೇಲೆ ಜೋಮು, ನಡುನಡುವೆ ಸೂಜಿ ಚುಚ್ಚಿದ ಹಾಗೆ, ಮೇಲಿಂದ ತುರಿಕೆ. ಒಳಗಿನ ಗಾಯ ಮಾಯುವ ರೀತಿಯೇ ಹೀಗೆ. ಗಂಟು ಕರಗಲು ತಿಂಗಳುಗಳೇ ಬೇಕು, ಡಾಕ್ಟರ್ ಹೇಳಿದ ಮೇಲೆ ಹಗುರವಾಗಿ ಮಸಾಜ್ ಮಾಡಿಸಬಹುದು. ಜೋಮು ಇರುವ ಜಾಗಕ್ಕೆ ಬಿಸಿನೀರಿನ ಬ್ಯಾಗ್ ಮಾತ್ರ ಇಡಬಾರದು. ಬಿಸಿ ಗೊತ್ತಾಗುವುದಿಲ್ಲ, ಸುಟ್ಟು ಬೊಬ್ಬೆ ಬಂದ ಮೇಲೆಯೇ ತಿಳಿಯುತ್ತದೆ. ನಮ್ಮಂಥ ಕಂದು ಚರ್ಮದಲ್ಲಿ ಕೊಳವೆ ಹಾಕಿದ ಚುಕ್ಕೆಗಳು ಕಪ್ಪಾಗಿ ಉಳಿಯಬಹುದು, ಬಿಸಿಲು ಬೀಳದ ಹಾಗೆ ನೋಡಿಕೊಂಡರೆ ನಿಧಾನವಾಗಿ ತಿಳಿಯಾಗುತ್ತವೆ.

ಮೊದಲ ಹತ್ತು ದಿನ ಮನಸ್ಸೂ ಕುಗ್ಗುತ್ತದೆ. ನೋವು, ಊತ, ದುಡ್ಡು ಹೋದದ್ದು, ಕನ್ನಡಿಯಲ್ಲಿ ಮೊದಲಿಗಿಂತ ದಪ್ಪ ಕಾಣುವುದು. "ಯಾಕಾದ್ರೂ ಮಾಡಿಸಿದೆನೋ" ಅಂತ ಅಳು ಬರುವುದು ಅಪರೂಪವೇನಲ್ಲ. ಆಕಾರ ಕಾಣಲು ಶುರುವಾಗುವುದು ಆರನೇ ವಾರದ ಆಸುಪಾಸಿನಲ್ಲಿ. ಮೂರು ತಿಂಗಳಿಗೆ ಬಹುಪಾಲು, ಪೂರ್ತಿ ಆರು ತಿಂಗಳಿಗೆ. ಜಿಮ್, ಭಾರ ಎತ್ತುವುದು ನಾಲ್ಕರಿಂದ ಆರು ವಾರದ ಮೇಲೆ.

ಕಾಯಲೇಬಾರದ ಸಂದರ್ಭಗಳೂ ಇವೆ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು. ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು. ಮೊದಲ ಎರಡು ಮೂರು ದಿನದಲ್ಲಿ ಏದುಸಿರಿನ ಜತೆ ಅಸಂಬದ್ಧ ಮಾತು. ಹೊಟ್ಟೆ ಹಲಗೆಯಂತೆ ಬಿಗಿಯಾಗಿ ವಾಂತಿ. ಚಳಿ ಜ್ವರ. ಚರ್ಮ ಕಪ್ಪಾಗಿ ಗುಳ್ಳೆ ಎದ್ದು, ಮಾತ್ರೆಗೂ ಬಗ್ಗದ ವಿಪರೀತ ನೋವು. ಇಂಥ ಹೊತ್ತಲ್ಲಿ ಕ್ಲಿನಿಕ್ಕಿನ ರಿಸೆಪ್ಷನ್‌ಗೆ ವಾಟ್ಸಾಪ್ ಮಾಡುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಯಾವ ದಿನ ಏನು ಸರ್ಜರಿ ಆಯಿತು ಅಂತ ಮೊದಲೇ ಹೇಳಿ.

ಮತ್ತೆ ಬರುತ್ತದಾ?

ತೆಗೆದ ಕೊಬ್ಬಿನ ಕೋಶಗಳು ಅದೇ ಜಾಗಕ್ಕೆ ಹಾಗೇ ವಾಪಸ್ ಬರುವುದಿಲ್ಲ. ಆದರೆ ಎಲ್ಲವನ್ನೂ ಯಾರೂ ತೆಗೆಯುವುದಿಲ್ಲ, ಉಳಿದವು ಊದಬಲ್ಲವು. ತೂಕ ಏರಿದರೆ ಕೊಬ್ಬು ಬೇರೆ ಕಡೆಯೂ ಕೂರುತ್ತದೆ. ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಸಾಧಾರಣ ತೂಕದ 36 ಹೆಂಗಸರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಹೊಟ್ಟೆಯ ಲೈಪೋಸಕ್ಷನ್ ಆಗಿ ಎರಡು ತಿಂಗಳಾದ ಮೇಲೆ ಅರ್ಧ ಮಂದಿಗೆ ವ್ಯಾಯಾಮ ಮಾಡಿಸಿದರು, ಉಳಿದವರನ್ನು ಹಾಗೇ ಬಿಟ್ಟರು. ಆರು ತಿಂಗಳಿಗೆ ವ್ಯಾಯಾಮ ಮಾಡದವರಲ್ಲಿ ಹೊಟ್ಟೆಯ ಸ್ನಾಯುವಿನ ಗೋಡೆಯ ಒಳಗಿನ ಕೊಬ್ಬು ಶೇ. 10ರಷ್ಟು ಹೆಚ್ಚಾಗಿತ್ತು. ಮಾಡಿದವರಲ್ಲಿ ಹಾಗೆ ಆಗಲಿಲ್ಲ. ಅಂದರೆ ಕೊಳವೆಗೆ ಸಿಗುವ ಕೊಬ್ಬನ್ನು ದುಡ್ಡು ಕೊಟ್ಟು ತೆಗೆಸಿ, ಕೊಳವೆಗೆ ಸಿಗದ ಅಪಾಯದ ಕೊಬ್ಬನ್ನು ಪುಕ್ಕಟೆ ಬೆಳೆಸಿಕೊಂಡ ಹಾಗೆ.

ಆರು ತಿಂಗಳಾದ ಮೇಲೂ ಒಂದು ಕಡೆ ತಗ್ಗು, ಇನ್ನೊಂದು ಕಡೆ ಉಬ್ಬು ಉಳಿದರೆ ಅದನ್ನು ಸರಿಪಡಿಸುವ ಸಣ್ಣ ಆಪರೇಷನ್ ಇದೆ. ಉಬ್ಬು ತೆಗೆಯುವುದು ಸುಲಭ, ಜಾಸ್ತಿ ತೆಗೆದು ಆದ ತಗ್ಗು ತುಂಬುವುದು ಕಷ್ಟ. ಅದಕ್ಕೇ ಅನುಭವ ಇರುವ ಸರ್ಜನ್‌ಗಳು ಮೊದಲ ಸಲ ಸ್ವಲ್ಪ ಬಿಟ್ಟೇ ತೆಗೆಯುತ್ತಾರೆ. ಆ ಎರಡನೇ ಸಲಕ್ಕೆ ದುಡ್ಡು ಯಾರು ಕೊಡಬೇಕು, ಪೂರ್ತಿಯಾ ಅರ್ಧವಾ ಅನ್ನುವುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ ಬರೆಸಿಕೊಂಡಿರಿ.